ಓದುಗರ ಪ್ರಶ್ನೆ: ಗಿಡಗಳ ಅಕ್ವೇರಿಯಂಗೆ ಕಡಿಮೆ ಖರ್ಚಿನಲ್ಲಿ ಇಂಗಾಲದ ಡೈಆಕ್ಸೈಡ್ ಒದಗಿಸುವುದು ಹೇಗೆ?

ಪ್ರಶ್ನೆ: ನನ್ನ ಅಕ್ವೇರಿಯಂ 60 ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ರೋಟಾಲಾ, ಲುಡ್ವಿಜಿಯಾ ಮತ್ತು ನೆಲದ ಮೇಲೆ ಹುಲ್ಲಿನಂತೆ ಹರಡುವ ಒಂದು ಗಿಡವನ್ನು ನೆಟ್ಟಿದ್ದೇನೆ. ಪ್ರಖರವಾದ ದೀಪವನ್ನು ದಿನಕ್ಕೆ ಹತ್ತು ಗಂಟೆ ಉರಿಸುತ್ತಿದ್ದರೂ ಗಿಡಗಳು ಸೊರಗುತ್ತಿವೆ, ಎಲೆಗಳ ಮೇಲೆ ಪಾಚಿ ಹಬ್ಬುತ್ತಿದೆ. ಇಂಗಾಲದ ಡೈಆಕ್ಸೈಡ್ ಕೊಡಬೇಕೆಂದು ಎಲ್ಲರೂ ಹೇಳುತ್ತಾರೆ. ಸಕ್ಕರೆ-ಯೀಸ್ಟ್ ಬಾಟಲಿ, ಸಿಟ್ರಿಕ್ ಆಮ್ಲ ಮತ್ತು ಅಡುಗೆ ಸೋಡಾದ ಕಿಟ್, ಸಿಲಿಂಡರ್, ಈ ಮೂರರಲ್ಲಿ ಹೆಚ್ಚು ಹಣ ಹಾಕಲಾಗದ ನನ್ನಂಥವರಿಗೆ ಯಾವುದು ಸೂಕ್ತ?

ಉತ್ತರ: ಅನಿಲಕ್ಕೆ ಹಣ ತೆಗೆದಿಡುವ ಮೊದಲು ದೀಪದ ಅವಧಿಯನ್ನು ದಿನಕ್ಕೆ ಆರು ಗಂಟೆಗೆ ಇಳಿಸಿ; ಸಾಧ್ಯವಿದ್ದರೆ ದೀಪವನ್ನು ಸ್ವಲ್ಪ ಮೇಲಕ್ಕೆ ಎತ್ತಿ ಕಟ್ಟಿ. ಗಿಡಕ್ಕೆ ಇಂಗಾಲ ಎಷ್ಟು ಬೇಕೆಂಬುದನ್ನು ನಿರ್ಧರಿಸುವುದು ಬೆಳಕು. ಗಾಳಿಯೊಂದಿಗೆ ಸಮತೋಲನದಲ್ಲಿರುವ ನೀರಿನಲ್ಲಿ ಲೀಟರಿಗೆ ಸುಮಾರು ಅರ್ಧ ಮಿಲಿಗ್ರಾಂ ಇಂಗಾಲದ ಡೈಆಕ್ಸೈಡ್ ಮಾತ್ರ ಕರಗಿರುತ್ತದೆ. ಮೀನುಗಳ ಮತ್ತು ಬ್ಯಾಕ್ಟೀರಿಯಾಗಳ ಉಸಿರಾಟದಿಂದ ತೊಟ್ಟಿಯಲ್ಲಿ ಅದು ಎರಡು ಮೂರು ಮಿಲಿಗ್ರಾಂವರೆಗೆ ಏರಬಹುದು. ಸಾಲದೆಂಬಂತೆ, ಈ ಅನಿಲ ಗಾಳಿಗಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುವುದರಿಂದ ಎಲೆಯ ಸುತ್ತಲಿನ ತೆಳುವಾದ ನೀರಿನ ಪದರ ಬಹುಬೇಗ ಬರಿದಾಗುತ್ತದೆ. ಪ್ರಖರ ಬೆಳಕಿನಲ್ಲಿರುವ ಗಿಡ ಕೈಯಲ್ಲಿ ಕೆಲಸವಿದ್ದೂ ಅಕ್ಕಿಯಿಲ್ಲದ ಅಡುಗೆಯವನಂತೆ ನಿಂತಿರುತ್ತದೆ, ಅದು ಬಳಸದೆ ಬಿಟ್ಟ ಬೆಳಕು ಪಾಚಿಯ ಪಾಲಾಗುತ್ತದೆ. ನಿಮ್ಮ ತೊಟ್ಟಿಯಲ್ಲಿ ನಡೆದಿರುವುದು ಇದೇ ಎಂದು ನನಗೆ ತೋರುತ್ತದೆ. ನೀವು ಹೆಸರಿಸಿದ ಗಿಡಗಳಿಗೆ ಬೆಳಕಿನ ಸಮಯದಲ್ಲಿ ಲೀಟರಿಗೆ 20ರಿಂದ 30 ಮಿಲಿಗ್ರಾಂ ಅನಿಲ ಸಿಕ್ಕರೆ ಬೆಳವಣಿಗೆ ಕಣ್ಣಿಗೆ ಕಾಣುವಷ್ಟು ಬದಲಾಗುತ್ತದೆ.

ಇನ್ನು ಖರ್ಚಿನ ವಿಚಾರ. ಪೆಟ್ಟಿಗೆಯ ಮೇಲಿನ ಬೆಲೆಯನ್ನು ಹೋಲಿಸುವುದಕ್ಕಿಂತ ಪ್ರತಿಯೊಂದು ವಿಧಾನವೂ ಎಷ್ಟು ಗ್ರಾಂ ಅನಿಲ ಕೊಡುತ್ತದೆ, ಅದು ಎಷ್ಟು ದಿನ ಬಾಳುತ್ತದೆ ಎಂದು ಲೆಕ್ಕ ಹಾಕುವುದು ಒಳ್ಳೆಯದು. ಸೆಕೆಂಡಿಗೆ ಒಂದು ಗುಳ್ಳೆಯಂತೆ ಎಂಟು ಗಂಟೆ ಅನಿಲ ಬಿಟ್ಟರೆ ದಿನಕ್ಕೆ 28,800 ಗುಳ್ಳೆಗಳಾಗುತ್ತವೆ. ಗುಳ್ಳೆಯ ಗಾತ್ರ, ಗುಳ್ಳೆ ಎಣಿಸಲು ಬಳಸುವ ಸಾಧನವಾದ ಬಬಲ್ ಕೌಂಟರ್‌ನಿಂದ ಬಬಲ್ ಕೌಂಟರ್‌ಗೆ ಬದಲಾಗುತ್ತದಾದರೂ, ಒಂದು ಗುಳ್ಳೆಯನ್ನು ಮಿಲಿಲೀಟರಿನ ಹತ್ತನೇ ಒಂದು ಭಾಗವೆಂದು ಹಿಡಿದರೆ ಇದು ಸುಮಾರು 2.9 ಲೀಟರ್ ಅನಿಲ, ತೂಕದಲ್ಲಿ 5 ಗ್ರಾಂಗಿಂತ ಸ್ವಲ್ಪ ಹೆಚ್ಚು. 60 ಲೀಟರ್ ತೊಟ್ಟಿಗೆ ಈ ಪ್ರಮಾಣವನ್ನು ಆರಂಭದ ಅಂದಾಜಾಗಿ ಇಟ್ಟುಕೊಳ್ಳಬಹುದು.

ಯೀಸ್ಟ್ ಬಾಟಲಿಯಲ್ಲಿ 100 ಗ್ರಾಂ ಸಕ್ಕರೆ ಪೂರ್ತಿಯಾಗಿ ಹುದುಗಿದರೂ ಹೊರಬರುವ ಅನಿಲ ಹೆಚ್ಚೆಂದರೆ 51 ಗ್ರಾಂ. ಉಳಿದದ್ದು ಆಲ್ಕೋಹಾಲ್ ಆಗುತ್ತದೆ, ಆ ಆಲ್ಕೋಹಾಲ್ ಹೆಚ್ಚಿದಂತೆ ಯೀಸ್ಟ್ ತಾನೇ ಸಾಯುತ್ತದೆ. ಸಾಮಗ್ರಿ ಅಗ್ಗವೆಂಬುದು ನಿಜ. ಆದರೆ ಮೊದಲ ದಿನಗಳಲ್ಲಿ ಅನಿಲ ರಭಸವಾಗಿ ಬಂದು ಎರಡನೇ ವಾರದ ಹೊತ್ತಿಗೆ ಕ್ಷೀಣಿಸುತ್ತದೆ, ಸೆಕೆಯ ದಿನ ಹೆಚ್ಚುತ್ತದೆ, ಚಳಿಗೆ ಇಳಿಯುತ್ತದೆ, ಗಿಡಗಳಿಗೆ ಬೇಡವಾದ ರಾತ್ರಿಯಲ್ಲೂ ನಿಲ್ಲುವುದಿಲ್ಲ. ನಿಲ್ಲಿಸಲೆಂದು ವಾಲ್ವ್ ಮುಚ್ಚಿದರೆ ಬಾಟಲಿಯಲ್ಲಿ ಒತ್ತಡ ಏರುತ್ತಲೇ ಹೋಗುತ್ತದೆ, ಆದ್ದರಿಂದ ಯೀಸ್ಟ್ ಬಾಟಲಿಗೆ ಎಂದೂ ಮುಚ್ಚುವ ವಾಲ್ವ್ ಹಾಕಬಾರದು. ಇಂಗಾಲದ ಪ್ರಮಾಣ ದಿನದಿನಕ್ಕೆ ಏರಿಳಿಯುವ ತೊಟ್ಟಿಯಲ್ಲಿ ಎಲೆಯಂಚಿಗೆ ಕಪ್ಪು ಗಡ್ಡದಂತೆ ಅಂಟಿಕೊಳ್ಳುವ ಪಾಚಿ ಬರುತ್ತದೆ ಎಂಬುದು ಈ ಹವ್ಯಾಸದಲ್ಲಿರುವ ಬಹುಮಂದಿಯ ಅನುಭವ, ನನ್ನದೂ ಅದೇ. ಅನಿಲ ಕೊಟ್ಟರೆ ಗಿಡ ಹೇಗೆ ಸ್ಪಂದಿಸುತ್ತದೆಂದು ನೋಡುವ ಕುತೂಹಲಕ್ಕೆ, ಸಣ್ಣ ತೊಟ್ಟಿಯಲ್ಲಿ ಒಂದೆರಡು ತಿಂಗಳ ಮಟ್ಟಿಗೆ, ಯೀಸ್ಟ್ ಸಾಕು. ಅದಕ್ಕಿಂತ ಮುಂದಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ.

ಸಿಟ್ರಿಕ್ ಆಮ್ಲದ ಕಿಟ್ ಇದಕ್ಕಿಂತ ಎಷ್ಟೋ ಮೇಲು. 192 ಗ್ರಾಂ ನಿರ್ಜಲ ಸಿಟ್ರಿಕ್ ಆಮ್ಲ 252 ಗ್ರಾಂ ಅಡುಗೆ ಸೋಡಾದೊಂದಿಗೆ ಪೂರ್ತಿಯಾಗಿ ವರ್ತಿಸಿದರೆ 132 ಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ. ರೂಢಿಯಲ್ಲಿರುವಂತೆ ಎರಡನ್ನೂ 200 ಗ್ರಾಂ ಹಾಕಿದಾಗ ಸೋಡಾ ಮೊದಲು ಮುಗಿಯುವುದರಿಂದ ಸುಮಾರು 105 ಗ್ರಾಂ ಸಿಗುತ್ತದೆ. ಮೇಲಿನ ಲೆಕ್ಕದಲ್ಲಿ ಅದು ನಿಮಗೆ ಇಪ್ಪತ್ತು ದಿನಕ್ಕೆ ಬರಬೇಕು, ಸೋರಿಕೆ ಮತ್ತು ಉಳಿಕೆ ಕಳೆದರೆ ಎರಡು ವಾರವೆಂದು ಹಿಡಿಯಿರಿ. ಆಮ್ಲ ಹನಿಹನಿಯಾಗಿ ಸೋಡಾದ ಬಾಟಲಿಗೆ ಇಳಿದು ಒತ್ತಡ ತಾನಾಗಿಯೇ ಒಂದು ಮಟ್ಟದಲ್ಲಿ ನಿಲ್ಲುವುದರಿಂದ ಇಲ್ಲಿ ಅನಿಲದ ಹರಿವನ್ನು ಸೂಕ್ಷ್ಮವಾಗಿ ಹೊಂದಿಸುವ ನೀಡಲ್ ವಾಲ್ವ್ ಹಾಕಬಹುದು, ರಾತ್ರಿ ಮುಚ್ಚಲೂಬಹುದು. ಆದರೆ ಒತ್ತಡದ ಮಾಪಕವೂ ಸುರಕ್ಷತಾ ವಾಲ್ವೂ ಇರುವ ಮುಚ್ಚಳವನ್ನೇ ಕೊಳ್ಳಬೇಕು. ಬಾಟಲಿ ಸೋಡಾ ಪಾನೀಯದ್ದಾಗಿರಬೇಕು, ಏಕೆಂದರೆ ಅದು ಒತ್ತಡ ತಡೆಯಲೆಂದೇ ತಯಾರಾದದ್ದು. ಕುಡಿಯುವ ನೀರಿನ ತೆಳು ಬಾಟಲಿಯಾಗಲಿ ಗಾಜಿನ ಬಾಟಲಿಯಾಗಲಿ ಸರ್ವಥಾ ಸಲ್ಲದು.

ಸಿಲಿಂಡರಿನ ಮೊದಲ ಖರ್ಚು ಹೆಚ್ಚು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಕಿಲೋಗ್ರಾಂ ಅನಿಲ ನಿಮ್ಮ ತೊಟ್ಟಿಗೆ ಸುಮಾರು ಆರು ತಿಂಗಳು, ಎರಡು ಕಿಲೋಗ್ರಾಂ ಹೆಚ್ಚುಕಡಿಮೆ ಒಂದು ವರ್ಷ ಬರುತ್ತದೆ. ಒಂದು ಕಿಲೋಗ್ರಾಂ ಸಿಲಿಂಡರ್ ಎಂದರೆ ಸಿಟ್ರಿಕ್ ಬಾಟಲಿಯನ್ನು ಹತ್ತು ಸಲ ಬಿಚ್ಚಿ, ತೊಳೆದು, ತುಂಬಿದಷ್ಟು ಅನಿಲ. ಮರುಪೂರಣದಲ್ಲಿ ಅನಿಲದ ಬೆಲೆಗಿಂತ ತುಂಬುವ ಕೆಲಸದ ಪಾಲೇ ಸಾಮಾನ್ಯವಾಗಿ ಹೆಚ್ಚಿರುವುದರಿಂದ, ಜಾಗವಿದ್ದರೆ ದೊಡ್ಡ ಸಿಲಿಂಡರೇ ಲಾಭ. ಒಮ್ಮೆ ಬಳಸಿ ಎಸೆಯುವ ಪುಟ್ಟ ಕಾರ್ಟ್ರಿಡ್ಜ್‌ಗಳು ನೋಡಲು ಅಗ್ಗವೆನಿಸಿದರೂ ಗ್ರಾಂ ಲೆಕ್ಕದಲ್ಲಿ ಅತ್ಯಂತ ದುಬಾರಿ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಈ ತೊಟ್ಟಿಯನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಳ್ಳುವ ಮನಸ್ಸಿದ್ದರೆ ಈಗ ಏನನ್ನೂ ಕೊಳ್ಳದೆ, ಬೆಳಕು ತಗ್ಗಿಸಿ, ಎರಡು ಮೂರು ತಿಂಗಳು ಹಣ ಕೂಡಿಸಿ ಸಿಲಿಂಡರ್ ತನ್ನಿ. ಅಷ್ಟು ಕಾಯಲಾಗದಿದ್ದರೆ ಅಥವಾ ಹವ್ಯಾಸ ಮುಂದುವರಿಯುವ ಖಾತರಿಯಿಲ್ಲದಿದ್ದರೆ ಸಿಟ್ರಿಕ್ ಕಿಟ್ ತನ್ನಿ. ಅದರ ಡಿಫ್ಯೂಸರ್ (ಅನಿಲವನ್ನು ಸಣ್ಣ ಗುಳ್ಳೆಗಳಾಗಿ ನೀರಿಗೆ ಬಿಡುವ ಸಾಧನ), ಕೊಳವೆ, ಬಬಲ್ ಕೌಂಟರ್ ಮುಂದೆ ಸಿಲಿಂಡರಿಗೂ ಉಪಯೋಗಕ್ಕೆ ಬರುತ್ತವೆ. ಸಿಲಿಂಡರನ್ನು ಬಳಸಿದ್ದು ತಂದರೂ ಅಡ್ಡಿಯಿಲ್ಲ, ಅದರ ಮೇಲೆ ಒತ್ತಡ ಪರೀಕ್ಷೆಯ ಮುದ್ರೆಯಿದ್ದು ಅವಧಿ ಮೀರಿರಬಾರದಷ್ಟೆ. ಡಿಫ್ಯೂಸರಿನಲ್ಲಿ ಧಾರಾಳವಾಗಿ ಉಳಿತಾಯ ಮಾಡಿ. ಅಂದದ ಗಾಜಿನ ಡಿಫ್ಯೂಸರಿಗೂ ಸಾಧಾರಣ ಸೆರಾಮಿಕ್ ಬಿಲ್ಲೆಗೂ ಗಿಡದ ಮಟ್ಟಿಗೆ ವ್ಯತ್ಯಾಸವಿಲ್ಲ. ಸಿಲಿಂಡರಿನ ಒತ್ತಡವನ್ನು ತಗ್ಗಿಸಿ ಕೊಡುವ ರೆಗ್ಯುಲೇಟರಿನಲ್ಲಿ ಮಾತ್ರ ಕೈ ಬಿಗಿಹಿಡಿಯಬೇಡಿ. ನಯವಾಗಿ ತಿರುಗುವ ನೀಡಲ್ ವಾಲ್ವ್, ಟೈಮರಿಗೆ ಜೋಡಿಸಬಹುದಾದ ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್), ಓದಲು ಸ್ಪಷ್ಟವಾದ ಮಾಪಕ, ಈ ಮೂರೂ ಇರಲಿ. ಸಿಲಿಂಡರಿನ ಬಾಯಿಯ ತಿರುಪು ಎಲ್ಲೆಡೆ ಒಂದೇ ಅಳತೆಯದಲ್ಲ, ಆದ್ದರಿಂದ ಸಿಲಿಂಡರೂ ರೆಗ್ಯುಲೇಟರೂ ಒಂದಕ್ಕೊಂದು ಕೂಡುತ್ತವೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: ಬಾಟಲಿಯಲ್ಲಿ ಸಿಗುವ ‘ದ್ರವ ಇಂಗಾಲ’ವನ್ನು ದಿನಕ್ಕೊಂದು ಮುಚ್ಚಳ ಹಾಕಿದರೆ ಈ ಉಪಕರಣಗಳೆಲ್ಲ ಬೇಕಾಗುವುದಿಲ್ಲವೇ?

ಉತ್ತರ: ಅಂಥ ಬಹುತೇಕ ದ್ರಾವಣಗಳಲ್ಲಿರುವುದು ಗ್ಲುಟರಾಲ್ಡಿಹೈಡ್ ಅಥವಾ ಅದರ ಹತ್ತಿರದ ಸಂಯುಕ್ತ. ಆಸ್ಪತ್ರೆಯ ಉಪಕರಣಗಳನ್ನು ಸೋಂಕುರಹಿತಗೊಳಿಸಲು ಬಳಸುವ ರಾಸಾಯನಿಕವದು. ಪಾಚಿಯನ್ನು ಹತ್ತಿಕ್ಕುವುದರಲ್ಲಿ ಅದಕ್ಕೆ ಶಕ್ತಿಯಿದೆ, ಆದರೆ ಲೀಟರಿಗೆ 20 ಮಿಲಿಗ್ರಾಂ ಅನಿಲ ಮಾಡುವ ಕೆಲಸವನ್ನು ಅದು ಮಾಡಲಾರದು. ವ್ಯಾಲಿಸ್ನೇರಿಯಾ ಎಂಬ ಗಿಡ ಮತ್ತು ಕೆಲವು ಮಾಸ್ ಜಾತಿಯ ಗಿಡಗಳು ಅದರಿಂದ ಕರಗಿಹೋಗುವುದುಂಟು, ಅಳತೆ ತಪ್ಪಿದರೆ ಸೀಗಡಿ ಮತ್ತು ಮೀನುಗಳೂ ಸಾಯುತ್ತವೆ. ಬಳಸುವುದೇ ಆದರೆ ಕೈಗವಸು ಹಾಕಿ, ಆವಿಯನ್ನು ಉಸಿರಾಡದೆ, ಮಕ್ಕಳ ಕೈಗೆ ಸಿಗದಂತೆ ಇಡಿ.

ಪ್ರಶ್ನೆ: ನನ್ನ ತೊಟ್ಟಿಯಲ್ಲಿ ಅನುಬಿಯಾಸ್, ಜಾವಾ ಫರ್ನ್, ಕ್ರಿಪ್ಟೊಕೊರೈನ್ ಮಾತ್ರ ಇವೆ. ನಾನೂ ಅನಿಲ ಕೊಡಬೇಕೇ?

ಉತ್ತರ: ಬೇಕಿಲ್ಲ. ಮಂದ ಬೆಳಕಿನಲ್ಲಿ ಇವು ನಿಧಾನವಾಗಿ, ಆರೋಗ್ಯವಾಗಿ ಬೆಳೆಯುತ್ತವೆ. ಆ ಹಣವನ್ನು ಒಳ್ಳೆಯ ಫಿಲ್ಟರಿಗೆ ಹಾಕಿ.

ಪ್ರಶ್ನೆ: ನನ್ನ ಸಿಲಿಂಡರಿನ ಮಾಪಕ ನಾಲ್ಕು ತಿಂಗಳಿಂದ ಒಂದೇ ಅಂಕಿ ತೋರಿಸುತ್ತಿದೆ. ಮಾಪಕ ಕೆಟ್ಟಿದೆಯೇ? ಸಿಲಿಂಡರನ್ನು ಮಲಗುವ ಕೋಣೆಯಲ್ಲಿ ಇಡಬಹುದೇ?

ಉತ್ತರ: ಮಾಪಕ ಸರಿಯಾಗಿದೆ. ಸಿಲಿಂಡರಿನೊಳಗೆ ಇಂಗಾಲದ ಡೈಆಕ್ಸೈಡ್ ದ್ರವರೂಪದಲ್ಲಿದ್ದು ಅದರ ಮೇಲೆ ಅನಿಲ ತುಂಬಿರುತ್ತದೆ. ಒಂದು ಹನಿ ದ್ರವ ಉಳಿದಿರುವ ತನಕವೂ ಒತ್ತಡವನ್ನು ನಿರ್ಧರಿಸುವುದು ಉಷ್ಣತೆಯೇ ಹೊರತು ಉಳಿದಿರುವ ಪ್ರಮಾಣವಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 57 ಬಾರ್, 25 ಡಿಗ್ರಿಯಲ್ಲಿ ಸುಮಾರು 64 ಬಾರ್. ಎಷ್ಟು ಉಳಿದಿದೆಯೆಂದು ತಿಳಿಯಬೇಕಾದರೆ ಸಿಲಿಂಡರನ್ನು ತೂಗಿ, ಅದರ ಮೇಲೆ ಕೊರೆದಿರುವ ಖಾಲಿ ತೂಕವನ್ನು ಕಳೆಯಬೇಕು. ದ್ರವ ಮುಗಿದ ಮೇಲೆ ಮುಳ್ಳು ಬೇಗಬೇಗನೆ ಇಳಿಯತೊಡಗುತ್ತದೆ, ಮತ್ತು ಅಪಾಯ ಶುರುವಾಗುವುದು ಅಲ್ಲಿಯೇ. ಒಂದೇ ಹಂತದ ರೆಗ್ಯುಲೇಟರುಗಳಲ್ಲಿ ಒಳಗಿನ ಒತ್ತಡ ಕುಸಿದಂತೆ ಹೊರಗಿನ ಒತ್ತಡ ಏರಿ ಗುಳ್ಳೆಗಳು ಎಣಿಸಲಾಗದಷ್ಟು ಬರಬಹುದು. ಹಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನಾನು ಮನೆಯಲ್ಲಿಲ್ಲದಾಗ ಹೀಗಾಗಿ, ಎರಡು ವರ್ಷ ಸಾಕಿದ ಮೀನುಗಳೆಲ್ಲ ಸತ್ತವು. ಮುಳ್ಳು ಇಳಿದಿರುವುದನ್ನು ಬೆಳಿಗ್ಗೆ ನೋಡಿಯೂ ಇನ್ನೊಂದು ವಾರ ಬರಲೆಂದು ಬಿಟ್ಟಿದ್ದೆ. ಆ ಒಂದು ವಾರದ ಅನಿಲದ ಬೆಲೆ ಏನೇನೂ ಅಲ್ಲ. ಮುಳ್ಳು ಇಳಿಯಲು ಆರಂಭಿಸಿದ ದಿನವೇ ಸಿಲಿಂಡರ್ ಬಿಚ್ಚಿ ತುಂಬಿಸಲು ಕಳುಹಿಸಿ.

ಮಲಗುವ ಕೋಣೆಯ ವಿಚಾರದಲ್ಲಿ ಒಂದು ಲೆಕ್ಕ ನೋಡಿ. ಎರಡು ಕಿಲೋಗ್ರಾಂ ಅನಿಲ ಪೂರ್ತಿ ಸೋರಿದರೆ ಸುಮಾರು 1,100 ಲೀಟರ್ ಆಗುತ್ತದೆ. ಉದ್ದ, ಅಗಲ, ಎತ್ತರ ಮೂರೂ 3 ಮೀಟರ್ ಇರುವ ಮುಚ್ಚಿದ ಕೋಣೆಯಲ್ಲಿ ಅದು ಗಾಳಿಯ ಶೇ. 4ರಷ್ಟಾಗುತ್ತದೆ; ಹೊರಗಿನ ಗಾಳಿಯಲ್ಲಿ ಅದು ಇರುವುದು ಶೇ. 0.04 ಮಾತ್ರ. ಶೇ. 4 ಎಂದರೆ ತಲೆನೋವು, ಏದುಸಿರು ತರುವ ಅಪಾಯದ ಮಟ್ಟ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ಅದು ನೆಲದ ಸಮೀಪ, ಚಾಪೆಯ ಮೇಲೆ ಮಲಗಿದವರ ಮಟ್ಟದಲ್ಲೇ ಹೆಚ್ಚು ಸೇರಬಹುದು. ಆದ್ದರಿಂದ ಸಾಧ್ಯವಿದ್ದರೆ ಗಾಳಿಯಾಡುವ ಹಜಾರದಲ್ಲಿಡಿ. ಎಲ್ಲಿಟ್ಟರೂ ಸಿಲಿಂಡರ್ ನೇರವಾಗಿ ನಿಂತಿರಬೇಕು, ಮಗುಚದಂತೆ ಕಟ್ಟಿರಬೇಕು, ಬಿಸಿಲು ತಾಗಬಾರದು. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗಿ ಅದನ್ನು ಹಾಳುಮಾಡುತ್ತದೆ. ಪ್ರತಿ ಸಲ ಜೋಡಿಸಿದಾಗಲೂ ಕೀಲುಗಳಿಗೆ ಸಾಬೂನು ನೀರು ಹಚ್ಚಿ ನೊರೆಯೇಳುತ್ತದೆಯೇ ಎಂದು ನೋಡಿ.

ಪ್ರಶ್ನೆ: ಸೆಕೆಂಡಿಗೆ ಎರಡು ಗುಳ್ಳೆ ಬಿಟ್ಟರೂ ನನ್ನ ಡ್ರಾಪ್ ಚೆಕರ್ (ಕರಗಿದ ಅನಿಲದ ಮಟ್ಟವನ್ನು ಬಣ್ಣದಿಂದ ತೋರಿಸುವ ಪುಟ್ಟ ಸಾಧನ) ನೀಲಿಯಾಗಿಯೇ ಇದೆ. ಇನ್ನೂ ಹೆಚ್ಚಿಸಲೇ?

ಉತ್ತರ: ಹೆಚ್ಚಿಸುವ ಮೊದಲು ನಾಲ್ಕು ವಿಷಯ ಪರೀಕ್ಷಿಸಿ. ಡ್ರಾಪ್ ಚೆಕರಿನೊಳಗೆ ತೊಟ್ಟಿಯ ನೀರನ್ನು ತುಂಬಿದ್ದೀರೇ? ಅದರಲ್ಲಿರಬೇಕಾದದ್ದು 4 ಡಿಗ್ರಿ ಕಾರ್ಬೊನೇಟ್ ಗಡಸುತನವಿರುವಂತೆ ತಯಾರಿಸಿದ ದ್ರಾವಣ ಮತ್ತು ಬ್ರೊಮೊಥೈಮಾಲ್ ಬ್ಲೂ ಸೂಚಕ. ಆ ಗಡಸುತನದಲ್ಲಿ ಪಿಎಚ್ 6.6 ಆದಾಗ ಲೀಟರಿಗೆ 30 ಮಿಲಿಗ್ರಾಂ ಅನಿಲವಿರುತ್ತದೆ, ಬಣ್ಣ ಹಸಿರಾಗುತ್ತದೆ, ಪಿಎಚ್ 7.6 ಇದ್ದರೆ 3 ಮಿಲಿಗ್ರಾಂ, ಬಣ್ಣ ನೀಲಿ. ಎರಡನೆಯದು, ಅದು ತಡವಾಗಿ ಹೇಳುವ ಸಾಕ್ಷಿ. ನೀರಿನಲ್ಲಾದ ಬದಲಾವಣೆ ಅದರ ಬಣ್ಣದಲ್ಲಿ ಕಾಣಲು ಒಂದೆರಡು ಗಂಟೆಯೇ ಬೇಕು, ಹಾಗಾಗಿ ಗುಳ್ಳೆಗಳನ್ನು ದಿನಕ್ಕೊಮ್ಮೆ ಮಾತ್ರ, ಸ್ವಲ್ಪಸ್ವಲ್ಪವೇ ಬದಲಿಸಿ. ಮೂರನೆಯದು ಡಿಫ್ಯೂಸರ್. ಸೆರಾಮಿಕ್ ಬಿಲ್ಲೆಯಲ್ಲಿ ಪಾಚಿ ಕಟ್ಟಿಕೊಂಡಿದ್ದರೆ ಗುಳ್ಳೆಗಳು ದೊಡ್ಡವಾಗಿ, ಕರಗುವ ಮೊದಲೇ ಮೇಲಕ್ಕೆ ಹೋಗಿ ಒಡೆಯುತ್ತವೆ. ಅದನ್ನು ಶುಚಿಗೊಳಿಸಿ, ತೊಟ್ಟಿಯ ತಳದಲ್ಲಿ, ಫಿಲ್ಟರಿನ ಹರಿವು ಗುಳ್ಳೆಗಳನ್ನು ಗಿಡಗಳ ಕಡೆಗೆ ಒಯ್ಯುವಂತೆ ಇಡಿ. ಕೊನೆಯದು ನೀರಿನ ಮೇಲ್ಮೈ: ಫಿಲ್ಟರಿನ ಬಾಯಿ ನೀರನ್ನು ಅತಿಯಾಗಿ ಚಿಮ್ಮಿಸುತ್ತಿದ್ದರೆ ಕರಗಿದ ಅನಿಲ ಹಾರಿಹೋಗುತ್ತದೆ. ನವಿರಾದ ಅಲೆಯಷ್ಟು ಕದಲಿಕೆ ಆಮ್ಲಜನಕಕ್ಕಾಗಿ ಇರಲೇಬೇಕು, ಅದಕ್ಕಿಂತ ಹೆಚ್ಚು ಬೇಡ.

ಇವೆಲ್ಲ ಸರಿಯಿದ್ದೂ ನೀಲಿಯೇ ಉಳಿದರೆ ಅನಿಲ ಹೆಚ್ಚಿಸಿ, ಆದರೆ ನೀವು ಇಡೀ ದಿನ ಮನೆಯಲ್ಲಿರುವ ದಿನವೇ ಹೆಚ್ಚಿಸಿ. ದೀಪ ಹತ್ತುವುದಕ್ಕಿಂತ ಒಂದೆರಡು ಗಂಟೆ ಮೊದಲು ಅನಿಲ ಆರಂಭವಾಗಿ, ಆರುವುದಕ್ಕಿಂತ ಒಂದು ಗಂಟೆ ಮೊದಲು ನಿಲ್ಲುವಂತೆ ಟೈಮರ್ ಹೊಂದಿಸಿ. ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದರೆ ಅಥವಾ ಕಿವಿರುಗಳನ್ನು ರಭಸವಾಗಿ ಬಡಿಯುತ್ತಿದ್ದರೆ, ಬಣ್ಣ ಏನೇ ಇರಲಿ, ಕೂಡಲೇ ಅನಿಲ ನಿಲ್ಲಿಸಿ, ಏರ್ ಪಂಪ್ ಹಾಕಿ, ಅರ್ಧದಷ್ಟು ನೀರನ್ನು ಬದಲಿಸಿ. ಮರುದಿನ ಹಿಂದಿನದಕ್ಕಿಂತ ಕಡಿಮೆ ಗುಳ್ಳೆಗಳಿಂದ ಮತ್ತೆ ಆರಂಭಿಸಿ.