ಫ್ರಿಜ್‌ನೊಳಗೆ ನಿಲ್ಲುವ ನೀರು

ಪ್ರಶ್ನೆ: ನಮ್ಮದು ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್. ಮಳೆಗಾಲ ಹಿಡಿದಾಗಿನಿಂದ ತರಕಾರಿ ಟ್ರೇ ಅಡಿಗೆ ದಿನಾ ನೀರು. ತಂಪಿಗೇನೂ ಕೊರತೆಯಿಲ್ಲ. ಗ್ಯಾಸ್ ಲೀಕ್ ಆಗಿರಬೇಕು, ತುಂಬಿಸಿ ಎನ್ನುತ್ತಾರೆ ಪಕ್ಕದ ಮನೆಯವರು. ಹೌದೇ?
– ಓದುಗರು, ಕಾರವಾರ

ಉತ್ತರ: ಅಲ್ಲ, ದಯವಿಟ್ಟು ಆ ಖರ್ಚಿಗೆ ಬೀಳಬೇಡಿ. ಗ್ಯಾಸ್ ಸೋರಿದರೆ ಹೋಗುವುದು ತಂಪು. ನಿಮ್ಮಲ್ಲಿ ತಂಪು ಇದೆ ಎಂದಮೇಲೆ ಗ್ಯಾಸೂ ಇದೆ.

ಆ ನೀರು ಬಂದದ್ದು ಗಾಳಿಯಿಂದ. ಬಾಗಿಲು ತೆರೆದಾಗೆಲ್ಲ ಕಡಲ ದಂಡೆಯ ತೇವದ ಗಾಳಿ ಒಳನುಗ್ಗಿ, ಫ್ರೀಜರ್ ಹಿಂದಿನ ಕಾಯಿಲ್ ಮೇಲೆ ಹಿಮವಾಗಿ ಕೂರುತ್ತದೆ. ಆಗಾಗ ಹೀಟರ್ ತಾನಾಗಿ ಹೊತ್ತಿ ಅದನ್ನು ಕರಗಿಸುತ್ತದೆ. ನೀರು ಸಣ್ಣ ಪೈಪಿನಲ್ಲಿ ಇಳಿದು, ಹಿಂಬದಿ ಕಂಪ್ರೆಸರ್ ಮೇಲಿನ ಟ್ರೇ ಸೇರಿ, ಅದರ ಬಿಸಿಗೆ ಆರುತ್ತದೆ. ಈ ಪೈಪ್ ಕಟ್ಟಿದರೆ ನೀರು ಒಳಗೇ ಇಳಿಯುತ್ತದೆ.

ಮೊದಲು ಪ್ಲಗ್ ಕಿತ್ತಿಡಿ. ತರಕಾರಿ ಟ್ರೇ ತೆಗೆದು, ಹಿಂದಿನ ಗೋಡೆಯ ಬುಡದಲ್ಲಿ ಬಟಾಣಿ ಗಾತ್ರದ ತೂತಿದೆಯೇ ನೋಡಿ. ಇದ್ದರೆ ಅದರ ಬಾಯಲ್ಲಿ ಹೆಚ್ಚಾಗಿ ಕೊಳೆತ ಕೊತ್ತಂಬರಿ ಎಲೆ, ಕಂದು ಲೋಳೆ ಸಿಗುತ್ತದೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಕಲಸಿ, ಸೂಜಿ ತೆಗೆದ 20 ಮಿ.ಲೀ. ಸಿರಿಂಜಿನಿಂದ ಮೆಲ್ಲಗೆ ಒತ್ತಿ. ಹಿಂದಿನ ಟ್ರೇಗೆ ನೀರು ಬಿದ್ದರೆ ದಾರಿ ತೆರೆಯಿತು. ತಂತಿ ತೂರಿಸಬೇಡಿ, ಪೈಪ್ ತೂತಾಗುತ್ತದೆ. ಕುದಿಯುವ ನೀರೂ ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ತೂತು ಕಾಣದಿದ್ದರೆ ಅದು ಫ್ರೀಜರ್ ಹಿಂದಿನ ಪ್ಯಾನೆಲ್ ಒಳಗಿದೆ, ಅಲ್ಲಿ ಮಂಜುಗಡ್ಡೆ ಕಟ್ಟಿದೆ. ಮೀನಿದ್ದರೆ ಮಂಜುಗಡ್ಡೆ ಡಬ್ಬಿಗೆ ಹಾಕಿ, ಎರಡೂ ಬಾಗಿಲು ರಾತ್ರಿಯಿಡೀ, ಹತ್ತು ಹನ್ನೆರಡು ತಾಸು, ತೆರೆದಿಡಿ. ಕೆಳಗೆ ಹಳೇ ಪಂಚೆ ಹಾಸಿ. ವಾರ ಹದಿನೈದು ದಿನದೊಳಗೆ ನೀರು ಮತ್ತೆ ಬಂದರೆ ಡಿಫ್ರಾಸ್ಟ್ ಹೀಟರ್ ಅಥವಾ ಅದರ ಸೆನ್ಸರ್ ಕೆಟ್ಟಿರಬಹುದು. ಮೆಕ್ಯಾನಿಕ್‌ಗೆ ಆಗ ಫೋನ್ ಮಾಡಿ, ಇದನ್ನೇ ಪರೀಕ್ಷಿಸಲು ಹೇಳಿ.

ಪ್ರಶ್ನೆ: ಒಂದೇ ಬಾಗಿಲಿನ ಫ್ರಿಜ್. ಕರೆಂಟ್ ಅರ್ಧ ದಿನ ಹೋದರೆ ಸಾಕು, ಒಳಗೆಲ್ಲ ನೀರು. ಗಡ್ಡೆ ಕಟ್ಟಿದ ಐಸನ್ನು ಚಾಕುವಿನಿಂದ ಎಬ್ಬಿಸಬಹುದೇ?
– ಓದುಗರು, ಶಿರಸಿ

ಉತ್ತರ: ಚಾಕು ಮಾತ್ರ ಬೇಡ. ಐಸ್ ಹಿಡಿದಿರುವ ಅಲ್ಯೂಮಿನಿಯಂ ತಗಡಿನೊಳಗೇ ಗ್ಯಾಸಿನ ದಾರಿಯಿದೆ. ಒಮ್ಮೆ ತಾಗಿ ತೂತಾದರೆ ಗ್ಯಾಸ್ ಪೂರ್ತಿ ಹೋಗುತ್ತದೆ. ಈಗಿನ ಹಲವು ಫ್ರಿಜ್‌ಗಳಲ್ಲಿರುವ ಆರ್600ಎ ಎಂಬ ಗ್ಯಾಸ್ ಬೆಂಕಿ ಹಿಡಿಯುವಂಥದ್ದು. ಅಕಸ್ಮಾತ್ ಬುಸ್ ಎಂದು ಸದ್ದಾದರೆ ಒಲೆ ಆರಿಸಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಕಿಟಕಿ ಬಾಗಿಲು ತೆರೆದು ಹೊರಬನ್ನಿ.

ಐಸ್ ಅರ್ಧ ಸೆಂಟಿಮೀಟರ್ ದಪ್ಪವಾಗುತ್ತಲೇ ಡಿಫ್ರಾಸ್ಟ್ ಗುಂಡಿ ಒತ್ತಿ. ಅವಸರವಿದ್ದರೆ ಪ್ಲಗ್ ಕಿತ್ತು, ಫ್ರೀಜರ್ ಒಳಗೆ ಮಡಚಿದ ಬಟ್ಟೆಯ ಮೇಲೆ ಬಿಸಿನೀರಿನ ಬೋಗುಣಿ ಇಟ್ಟು ಇಪ್ಪತ್ತು ನಿಮಿಷ ಬಾಗಿಲು ಮುಚ್ಚಿ. ಐಸ್ ಹಲಗೆಯಂತೆ ತಾನೇ ಬಿಡುತ್ತದೆ. ಕರೆಂಟ್ ಹೋದಾಗ ಫ್ರೀಜರ್ ಕೆಳಗಿನ ಟ್ರೇ ನೋಡಿ, ತುಂಬುವ ಮೊದಲೇ ಚೆಲ್ಲಿ. ಐಸ್ ತೆಳುವಾಗಿದ್ದರೆ ಅದು ಉಕ್ಕುವುದಿಲ್ಲ.

ಹಿಂದಿನ ಟ್ರೇಯನ್ನೂ ವಾರಕ್ಕೊಮ್ಮೆ ತಿಕ್ಕಿ ತೊಳೆಯಿರಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡಲು ಅಷ್ಟು ನೀರು ಧಾರಾಳ ಸಾಕು.

ಪ್ರಶ್ನೆ: ಒಳಗಿನ ಗೋಡೆ, ಬಾಗಿಲಂಚು ಸದಾ ಬೆವರುತ್ತದೆ.
– ಓದುಗರು, ಕುಮಟಾ

ಉತ್ತರ: ಬಾಗಿಲಂಚಿನ ರಬ್ಬರ್ ಪಟ್ಟಿ (ಗ್ಯಾಸ್ಕೆಟ್) ಪರೀಕ್ಷಿಸಿ. ನೋಟೊಂದನ್ನು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ ಎಳೆಯಿರಿ, ಸಲೀಸಾಗಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ಹೀಗೆ ಸುತ್ತಲೂ ನೋಡಿ. ಮಡಿಕೆಯೊಳಗಿನ ಕಪ್ಪು ಬೂಸ್ಟನ್ನು ಸಾಬೂನು ನೀರು, ಹಳೇ ಟೂತ್‌ಬ್ರಶ್‌ನಿಂದ ತೆಗೆದು ಒಣಗಿಸಿ. ಸೊಟ್ಟಾಗಿದ್ದ ಕಡೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಹಿಡಿದು ಕೈಯಿಂದ ನೇರ ಮಾಡಿ. ಹರಿದಿದ್ದರೆ ಬದಲಿಸಲೇಬೇಕು. ಮುಂಗಾಲುಗಳನ್ನು ಒಂದೆರಡು ಸುತ್ತು ಎತ್ತರಿಸಿದರೆ ಬಾಗಿಲು ತನ್ನ ಭಾರಕ್ಕೇ ಮುಚ್ಚಿಕೊಳ್ಳುತ್ತದೆ. ಸಾರು, ಕೋಕಂ ಶರಬತ್ತು ಮುಚ್ಚಿಯೇ ಇಡಿ, ಬಿಸಿಯದನ್ನಂತೂ ಇಡಲೇಬೇಡಿ.