35 ಸಾವಿರದೊಳಗೆ ನಾಲ್ಕು ವರ್ಷ ಬಾಳುವ ಲ್ಯಾಪ್‌ಟಾಪ್ ಯಾವುದು?

ಮನೆ ತೀರ್ಥಹಳ್ಳಿ ಹತ್ತಿರ, ತಂಗಿ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಸೇರುತ್ತಿದ್ದಾಳೆ, ಹಾಸ್ಟೆಲ್ ವಾಸ, ಶನಿವಾರ ಬಸ್ಸಲ್ಲಿ ಊರಿಗೆ. 35 ಸಾವಿರ ಮೀರಬಾರದು, ಡಿಗ್ರಿ ಮುಗಿಯುವವರೆಗೆ ಬಾಳಬೇಕು ಅಂತ ಕೇಳಿದ್ದೀರಿ. ಆ ದುಡ್ಡಿಗೆ ಹೊಸದು ಬೇಡ. ಆಫೀಸಿನವರು ಬಳಸಿ ಬಿಟ್ಟ ಬಿಸಿನೆಸ್ ಮಾಡೆಲ್ ರಿಫರ್ಬಿಷ್ ಆಗಿ, ಅಂದರೆ ಸರಿಪಡಿಸಿ ಮತ್ತೆ ಮಾರಾಟಕ್ಕೆ ಸಿಗುತ್ತದಲ್ಲ, ಅದನ್ನು ತಗೊಳ್ಳಿ. ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 5490, ಎಚ್‌ಪಿ ಎಲೈಟ್‌ಬುಕ್ 840 ಜಿ5, ಇವುಗಳಲ್ಲಿ ಯಾವುದು ಒಳ್ಳೆ ಸ್ಥಿತಿಯಲ್ಲಿ ಸಿಕ್ಕರೂ ಆದೀತು.

"ಅಯ್ಯೋ, ಸೆಕೆಂಡ್ ಹ್ಯಾಂಡಾ?" ಅಂತ ಮನೆಯಲ್ಲಿ ರಾಗ ಎಳೆಯುತ್ತಾರೆ, ಗೊತ್ತು. ನಾನು ಇವನ್ನೆಲ್ಲ ಬಿಚ್ಚಿ ರಿಪೇರಿ ಮಾಡುವವನು. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಮೊದಲು ಕೈಕೊಡುವುದು ಪ್ರೊಸೆಸರ್ ಅಲ್ಲ, ಹಿಂಜ್, ಅಂದರೆ ಮುಚ್ಚಳದ ಕೀಲು. ಒಳಗೆ ನೋಡಿದರೆ ಹಿಂಜಿನ ಸ್ಕ್ರೂ ಕೂರುವುದು ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ಪುಟ್ಟ ಹಿತ್ತಾಳೆ ನಟ್ಟುಗಳಲ್ಲಿ. ದಿನಾ ಒಂದೇ ಮೂಲೆ ಹಿಡಿದು ಮುಚ್ಚಳ ಎತ್ತುತ್ತಾ ಹೋದರೆ ಒಂದು ದಿನ ನಟ್ಟು ಪ್ಲಾಸ್ಟಿಕ್ ಸಮೇತ ಕಿತ್ತು ಬರುತ್ತದೆ. ಆಮೇಲೆ ಅಂಟು ಹಾಕಿ ಎಷ್ಟು ದಿನ ತಳ್ಳೋದು? ಬಿಸಿನೆಸ್ ಮಾಡೆಲ್‌ಗಳಲ್ಲಿ ಆ ಜಾಗದಲ್ಲಿ ಗಟ್ಟಿ ಲೋಹದ ಆಧಾರ ಇರುತ್ತದೆ. ನಾನು ಹೇಳಿದ ಮೂರರಲ್ಲೂ ರ್‍ಯಾಮ್‌ಗೆ ಎರಡು ಸ್ಲಾಟ್ ಇವೆ. ಈಗ 8 ಜಿಬಿ ಸಾಕು, ಮೊಬೈಲ್ ಆಪ್ ತಯಾರಿಸುವ ಆಂಡ್ರಾಯ್ಡ್ ಸ್ಟುಡಿಯೋ ಥರದ್ದು ಶುರುವಾದಾಗ 16 ಮಾಡಿಸಬಹುದು. ಎಷ್ಟೋ ಹೊಸ ಅಗ್ಗದ ಮಾಡೆಲ್‌ಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸುಗೆ ಆಗಿರುತ್ತದೆ, ಬದಲಿಸುವಂತಿಲ್ಲ.

ಟಿ480ಕ್ಕೆ ಎರಡು ಬ್ಯಾಟರಿ. ಒಂದು ಒಳಗೆ, ಇನ್ನೊಂದು ಹಿಂದುಗಡೆ. ಹಿಂದಿನದನ್ನು ಲ್ಯಾಪ್‌ಟಾಪ್ ಆಫ್ ಮಾಡದೇ ತೆಗೆದು ಬೇರೆ ಹಾಕಬಹುದು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತೆ ಅಂತ ಮೆಸ್ಕಾಂನವರಿಗೂ ಹೇಳೋಕಾಗಲ್ಲ, ಹಾಗಾಗಿ ನನ್ನ ಓಟು ಇದಕ್ಕೆ.

ಅಂಗಡಿಯಲ್ಲಿ ನಾಚಿಕೆ ಬಿಟ್ಟು ಪರೀಕ್ಷೆ ಮಾಡಿ. ಇಂಟೆಲ್ ಪ್ರೊಸೆಸರ್ ಹೆಸರಿನಲ್ಲಿ ಐ5 ಆದಮೇಲಿನ ನಂಬರ್ 8ರಿಂದ ಶುರುವಾಗಬೇಕು, 8250ಯು, 8350ಯು ಹೀಗೆ. ಅಂದರೆ 8ನೇ ಜನರೇಷನ್. ಇದೇ ಮಾಡೆಲ್‌ಗಳು 7ನೇ ಜನರೇಷನ್ನಲ್ಲೂ ಬಂದಿವೆ, ಅವು ಬೇಡ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಸರಿಯಾಗಿ ಹಾಕಿಕೊಳ್ಳಲು ಇಂಟೆಲ್‌ನಲ್ಲಿ 8ನೇ ಜನರೇಷನ್ ಆದರೂ ಬೇಕು. ಪವರ್ ಆನ್ ಮಾಡಿ ಬಯೋಸ್ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆ) ಒಳಗೆ ಹೋಗಿ, ಪಾಸ್‌ವರ್ಡ್ ಕೇಳಿದರೆ ಅಲ್ಲೇ ಬಿಟ್ಟು ಬನ್ನಿ. ಬ್ಯಾಟರಿ ರಿಪೋರ್ಟ್ ತೆಗೆಸಿ ನೋಡಿ. ಮೂಲ ಸಾಮರ್ಥ್ಯದ ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿ ಹಾಕಿಸಿಯೇ ತಗೊಳ್ಳಿ. ಸ್ಕ್ರೀನ್ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಥರದ್ದು), ಫುಲ್ ಎಚ್‌ಡಿ ಇರಲಿ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸ್ವಲ್ಪ ಕಡಿಮೆಗೆ ಸಿಗಬಹುದು. ಆದರೂ ಬಿಲ್ಲು, ವಾರಂಟಿ ಕೊಡುವ ಅಂಗಡಿ ಶಿವಮೊಗ್ಗದಲ್ಲೇ ಸಿಕ್ಕರೆ ಒಳ್ಳೆಯದು. ತೊಂದರೆ ಬಂದಾಗ ಕೈಗೆ ಸಿಗಬೇಕಲ್ವಾ.

ಇನ್ನು ನಮ್ಮ ಮಳೆ. ಬೆಲ್ಟು, ಚಪ್ಪಲಿಗೆ ಬೂಷ್ಟು ಹಿಡಿಸುವ ಹವೆ ಲ್ಯಾಪ್‌ಟಾಪನ್ನು ಬಿಡುತ್ತದೆಯೇ? ಬೀರುವಿನಲ್ಲಿ ವಾರಗಟ್ಟಲೆ ಮುಚ್ಚಿಡುವುದೇ ಕೆಟ್ಟದ್ದು. ದಿನಾ ಸ್ವಲ್ಪ ಹೊತ್ತು ಓಡಿಸಿದರೆ ಅದರ ಬಿಸಿಗೇ ತೇವ ಆರುತ್ತದೆ. ಹಾಸ್ಟೆಲ್ ರೂಮಿನಲ್ಲಿ ಹಸಿ ಬಟ್ಟೆ ಹರವಿದ ಹಗ್ಗದ ಕೆಳಗೆ ಇಡಬೇಡಿ ಅಂತ ತಂಗಿಗೆ ಹೇಳಿ. ಬಸ್ಸಲ್ಲಿ ಬ್ಯಾಗನ್ನು ಕಿಟಕಿ ಪಕ್ಕ ಇಡಬಾರದು, ಶಟರ್ ಸಂದಿಯಿಂದ ನೀರು ಬರುತ್ತದೆ. ಬ್ಯಾಗಿನೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಕವರ್ ಯಾವಾಗಲೂ ಇರಲಿ.

ವೋಲ್ಟೇಜ್ ಕಡಿಮೆ ಅಂತ ಹೆದರಬೇಡಿ. ಚಾರ್ಜರ್ ಮೇಲೆ ನೋಡಿ, 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ. ಗುಡುಗು ಸಿಡಿಲಿಗೆ ಮಾತ್ರ ಹೆದರಲೇಬೇಕು. ಏಪ್ರಿಲ್, ಮೇನಲ್ಲಿ ಮೋಡ ಕಟ್ಟಿದ ಕೂಡಲೇ ಚಾರ್ಜರ್ ಪಿನ್ನು ಕಿತ್ತಿಡಿ. ಹತ್ತಿರದಲ್ಲೇ ಸಿಡಿಲು ಬಿದ್ದರೆ ಸ್ಪೈಕ್ ಗಾರ್ಡ್ ಏನೂ ಮಾಡಲ್ಲ. ಚಾರ್ಜಿಗೆ ಹಾಕಿದಾಗ ಲೋಹದ ಬಾಡಿ ಮುಟ್ಟಿದರೆ ಕೈ ಜುಮ್ ಅನ್ನುತ್ತಿದೆಯೇ? ಹಳೇ ಮನೆಗಳಲ್ಲಿ ಅದು ಹೆಚ್ಚಾಗಿ ಅರ್ಥಿಂಗ್ ಇಲ್ಲದ್ದರ ಲಕ್ಷಣ. ಲ್ಯಾಪ್‌ಟಾಪ್ ಬೈಯುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಯಾವ ಬ್ರಾಂಚ್ ಅಂತ ನೀವು ಬರೆದಿಲ್ಲ. ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ಆದರೆ ಮೇಲಿನದು ಸಾಕು. ಸಿವಿಲ್, ಮೆಕ್ಯಾನಿಕಲ್ ಆದರೆ 3ಡಿ ಡ್ರಾಯಿಂಗ್ ದೊಡ್ಡದಾದಾಗ ಇವು ಏದುಸಿರು ಬಿಡುತ್ತವೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವುದೇ ಬೇಕಾದೀತು. ಅಂಥ ಬ್ರಾಂಚಾದರೆ ಈಗಲೇ ಖರೀದಿಸಬೇಡಿ. ಕಾಲೇಜು ಶುರುವಾಗಲಿ, ಲ್ಯಾಬಿನಲ್ಲಿ ಯಾವ ಸಾಫ್ಟ್‌ವೇರ್ ಬಳಸುತ್ತಾರೆ ಅಂತ ಸೀನಿಯರ್‌ಗಳನ್ನು ಕೇಳಿ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.