ನಿಂತ ಕಾರಿನ ಹಳೆಯ ಪೆಟ್ರೋಲ್ ಮನೆಯಲ್ಲೇ ತೆಗೆಯುವುದು ಹೇಗೆ?

ಎರಡು ವರ್ಷದಿಂದ ಶೆಡ್ಡಿನಲ್ಲಿ ನಿಂತಿರುವ ಹಳೆಯ ಮಾರುತಿ 800ರ ಟ್ಯಾಂಕಿನಿಂದ ಪೆಟ್ರೋಲನ್ನು ಪೈಪ್ ಹಾಕಿ ಬಾಯಿಂದ ಎಳೆಯಬಹುದೇ ಎಂದು ಕೇಳಿದ್ದೀರಿ. ಪೈಪ್ ಹಾಕಿ, ಬಾಯಿ ಹಾಕಬೇಡಿ.

ಹಾಕಿ ಅನುಭವಿಸಿದವನು ನಾನು. ಕಾಲೇಜಿನ ದಿನಗಳಲ್ಲಿ ತೋಟದ ಪಂಪಿಗೆಂದು ಎರಡು ಲೀಟರ್ ಪೆಟ್ರೋಲ್ ತೆಗೆಯಲು ಹೋಗಿ, ಹಸಿರು ಪೈಪಿನೊಳಗೆ ಅದು ಎಲ್ಲಿಯವರೆಗೆ ಬಂದಿದೆ ಎಂದು ಕಾಣದೆ ಒಂದು ಗುಟುಕು ನುಂಗಿಬಿಟ್ಟೆ. ಗಂಟಲೆಲ್ಲ ಉರಿ, ಮರುದಿನವೂ ತೇಗಿದರೆ ಪೆಟ್ರೋಲ್ ಬಂಕಿನ ವಾಸನೆ. ಅಜ್ಜಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೊರಟಿದ್ದರು. ನಾನು ಹಟ ಹಿಡಿದು ಕುಡಿಯಲಿಲ್ಲ. ಅದೇ ನನ್ನನ್ನು ಉಳಿಸಿದ್ದು ಎಂದರು ಆಸ್ಪತ್ರೆಯಲ್ಲಿ. ಪೆಟ್ರೋಲ್ ಹೊಟ್ಟೆಗಿಂತ ಶ್ವಾಸಕೋಶಕ್ಕೆ ಕೆಟ್ಟದ್ದು. ವಾಂತಿಯಾಗುವಾಗ ಕೆಲವೇ ಹನಿ ಶ್ವಾಸನಾಳಕ್ಕೆ ಇಳಿದರೂ ನ್ಯುಮೋನಿಯಾದಂಥ ಉರಿಯೂತವಾಗುತ್ತದೆ.

ಈಗ ನಾನು ಎರಡು ಪೈಪ್ ಬಳಸುತ್ತೇನೆ. ಅರ್ಧ ಇಂಚಿನ ಪಾರದರ್ಶಕ ಪೈಪ್ ಎರಡು ಮೀಟರ್, ಅದೇ ಅಳತೆಯ ಮೊಳದುದ್ದದ ತುಂಡು ಇನ್ನೊಂದು. ಉದ್ದದ್ದು ಟ್ಯಾಂಕಿನ ತಳ ಮುಟ್ಟಬೇಕು; ಗಿಡ್ಡದ್ದು ಟ್ಯಾಂಕಿನ ಬಾಯಿಯಿಂದ ನಾಲ್ಕು ಬೆರಳು ಒಳಗಿದ್ದರೆ ಸಾಕು, ಪೆಟ್ರೋಲನ್ನು ಮುಟ್ಟಕೂಡದು. ಸುತ್ತಲಿನ ಸಂದನ್ನು ಒದ್ದೆ ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ಗಿಡ್ಡ ಪೈಪಿಗೆ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ತುಂಬಿ. ಒಳಗೆ ಒತ್ತಡ ಏರಿದಂತೆ ಪೆಟ್ರೋಲ್ ಉದ್ದದ ಪೈಪನ್ನು ಹತ್ತುತ್ತದೆ. ಏರು ದಾಟಿ ಕೆಳಗಿಳಿಯಿತೋ, ಪಂಪ್ ಬಿಟ್ಟು ಬಟ್ಟೆ ಸಡಿಲಿಸಿ. ಮುಂದಿನದನ್ನು ಅದರ ಭಾರವೇ ನೋಡಿಕೊಳ್ಳುತ್ತದೆ. ಬದುವಿನ ಮೇಲೆ ಪೈಪ್ ಹಾಯಿಸಿ ತೊಟ್ಟಿಯ ನೀರು ಇಳಿಸಿದ್ದರೆ ನಿಮಗಿದು ಹೊಸದಲ್ಲ: ಹೊರಗಿನ ತುದಿ ಟ್ಯಾಂಕಿನೊಳಗಿನ ಮಟ್ಟಕ್ಕಿಂತ ಕೆಳಗಿರಬೇಕು, ಅಷ್ಟೇ. ಸಾಕೆನಿಸಿದಾಗ ತುದಿಯನ್ನು ಮೇಲೆತ್ತಿದರೆ ಹರಿವು ನಿಲ್ಲುತ್ತದೆ. ಪಂಪಿನ ಬದಲು ಬಾಯಿಂದ ಊದುವವರೂ ಇದ್ದಾರೆ. ಪೈಪಿನಿಂದ ಬಾಯಿ ತೆಗೆದ ಕ್ಷಣ ಒಳಗಿನ ಆವಿ ಮುಖಕ್ಕೇ ಬಡಿಯುತ್ತದೆ.

ಕಾರನ್ನು ಶೆಡ್ಡಿನಿಂದ ಬಯಲಿಗೆ ತಳ್ಳಿಕೊಂಡು ಹೋಗಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದುಹೋಗುತ್ತದೆ. ನಾನು ಗುಟುಕು ನುಂಗಿದ ದಿನ ಹತ್ತು ಮಾರು ದೂರದ ಬಚ್ಚಲಿನಲ್ಲಿ ಹಂಡೆಯ ಒಲೆ ಉರಿಯುತ್ತಿತ್ತು ಎಂಬುದು ಹೊಳೆದದ್ದು ರಾತ್ರಿ ಮಲಗಿದ ಮೇಲೆ. ಕ್ಯಾನ್ ಲೋಹದ್ದೋ ಪೆಟ್ರೋಲಿಗೆಂದೇ ಮಾಡಿದ್ದೋ ಆಗಿರಲಿ, ನೆಲದ ಮೇಲಿರಲಿ. ಪೈಪಿನ ತುದಿ ಅದರ ತಳ ಮುಟ್ಟಿರಲಿ. ಮೇಲಿಂದ ಚಿಮ್ಮಿ ಬಿದ್ದರೆ ಸ್ಥಿರ ವಿದ್ಯುತ್ತಿನ ಕಿಡಿ ಹುಟ್ಟಬಹುದು.

ಹೊಸ ಕಾರುಗಳಲ್ಲಿ ಈ ಉಪಾಯ ಬಹುಮಟ್ಟಿಗೆ ನಡೆಯದು. ಟ್ಯಾಂಕಿನ ಕೊರಳಲ್ಲಿ ಅಡ್ಡ ತಡೆಯೋ ಕವಾಟವೋ ಇರುತ್ತದೆ. ಜಬರದಸ್ತಿಯಿಂದ ತುರುಕಿದ ಪೈಪ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅಂಥದ್ದನ್ನು ಗ್ಯಾರೇಜಿಗೆ ಬಿಡಿ.

ಬ್ರೇಕ್ ಆಯಿಲ್ ಕೂಡ ಬದಲಿಸಬೇಕು ಎಂದಿದ್ದೀರಿ. ಬಾನೆಟ್ಟಿನೊಳಗಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿರುವುದನ್ನು ಸೂಜಿಯಿಲ್ಲದ 50 ಮಿಲಿ ಸಿರಿಂಜಿಗೆ ತೆಳು ನಳಿಕೆ ಸಿಕ್ಕಿಸಿ ಎಳೆಯಬಹುದು. ಆದರೆ ಚಕ್ರಗಳವರೆಗಿನ ಕೊಳವೆಗಳಲ್ಲಿ ಉಳಿದ ಹಳೆಯದು ಹೀಗೆ ಬರುವುದಿಲ್ಲ, ಅದಕ್ಕೆ ಮೆಕ್ಯಾನಿಕ್ಕೇ ಬೇಕು. ಬಾನೆಟ್ಟಿನ ಮೇಲೆ ಚೆಲ್ಲಿದರೆ ಕೂಡಲೇ ನೀರು ಹೊಯ್ದು ತೊಳೆಯಿರಿ, ಬಣ್ಣ ತಿನ್ನುತ್ತದೆ. ಎಂಜಿನ್ ತಣ್ಣಗಿಡುವ ಕೂಲಂಟ್ ತೆಗೆದರೆ ತೆರೆದ ಬೋಗುಣಿಯಲ್ಲಿ ಬಿಡಬೇಡಿ. ಅದು ಸಿಹಿ, ನಾಯಿ ನೆಕ್ಕಿದರೆ ಉಳಿಯುವುದು ಕಷ್ಟ.

ಇನ್ನೊಂದು ಮಾತು, ಪೆಟ್ರೋಲ್ ಮುಗಿಯುತ್ತ ಬಂದಾಗ ಪೈಪನ್ನೇ ನೋಡುತ್ತಿರಿ. ನೀರು ಪೆಟ್ರೋಲಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ನನ್ನ ಕಾರಿನಿಂದ ಕೊನೆಗೆ ಬಂದದ್ದು ಚಹಾ ಡಿಕಾಕ್ಷನ್ ಬಣ್ಣದ ದ್ರವ, ನಡುನಡುವೆ ಗುಂಡಗೆ ಉರುಳುವ ನೀರಿನ ಮಣಿಗಳು, ಚಿಟಿಕೆ ತುಕ್ಕು. ಆ ಮಣಿಗಳು ನಿಲ್ಲುವ ತನಕ ಪೈಪನ್ನು ಹೊರಗೆಳೆಯಬೇಡಿ.